ಎಡಕ್ಕೆ ತಿರುಗದ ಜೀಪು

ನಮ್ಮ ಮನೆಗೆ ದಾರಿ ಇಲ್ಲವೆಂದು ಮಗಳಿಗೆ ಬಂದ ಮೊದಲ ಸಂಬಂಧ ತಪ್ಪಿಹೋಯಿತು. ಇಲ್ಲವೆಂದರೆ ಪೂರಾ ಇಲ್ಲವೆಂದಲ್ಲ. ಶ್ರೀರಾಂಪುರದಿಂದ ಆಚೆ ಡಾಂಬರು ಮುಗಿಯುವಲ್ಲಿ ಒಂದು ಟೀ ಅಂಗಡಿ, ಒಂದು ಬೇವಿನ ಮರ. ಅಲ್ಲಿಂದ ನಮ್ಮ ಹೊಲದ ಮನೆಗೆ ಎರಡು ಮೈಲಿ. ನಡುವೆ ಒಂದು ಹಳ್ಳ, ಹಳ್ಳದಾಚೆ ಗುಂಡುಕಲ್ಲಿನ ಏರು. ನನ್ನ ಕುರಿಗಳು ದಿನಾ ಹೋಗಿಬರುತ್ತವೆ, ಇವತ್ತಿನವರೆಗೆ ಒಂದೂ ದೂರು ಹೇಳಿಲ್ಲ. ಆದರೆ ಆ ನೆಂಟರು ಬಂದ ದಿನ ಹಳ್ಳದ ಕೆಸರಿನಲ್ಲಿ ನನ್ನ ಜೀಪು ಹೂತುಕೊಂಡಿತು. ಅವರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದರು. ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿದರು, ಚೆನ್ನಾಗಿದ್ದಾಳೆ ಅಂದರು. ಕೊನೆಗೆ ಹುಡುಗನ ದೊಡ್ಡಪ್ಪ ಬಚ್ಚಲ ಕಲ್ಲಿನ ಮೇಲೆ ನಿಂತು ಎರಡನೇ ಸಲ ಕಾಲು ತೊಳೆಯುತ್ತ ಕೇಳಿದ:

"ಎಲ್ಲಾ ಸರಿ ಯಜಮಾನ್ರೆ. ನಾಳೆ ಹಬ್ಬಕ್ಕೆ ಅಳಿಯನ್ನ ಕರೀತೀರಿ. ಅವ್ನು ಎಂಗ್ ಬರ್ಬೇಕು? ಈಜ್ಕಂಡಾ?"

ಹೋಗುವಾಗ "ಊರಿಗ್ ಹೋಗಿ ಹೇಳಿ ಕಳಿಸ್ತೀವಿ" ಅಂದರು. ನಮ್ಮ ಕಡೆ ಈ ಮಾತಿನ ಅರ್ಥ ಕೈಗೂಸಿಗೂ ಗೊತ್ತು. ಅವರು ಹೇಳಿ ಕಳಿಸಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟಿದ್ದಕ್ಕೆ ನಾಚಿಕೆಯಿಲ್ಲ. ಅಪ್ಪನ ಹದಿನೆಂಟು ಕುರಿಗಳನ್ನು ಹಿಡಿದುಕೊಂಡು ಹೊರಟವನು ಈಗ ಸ್ವಂತ ಹೊಲ, ಕೊಳವೆಬಾವಿ, ಎರಡು ಮಂದೆ ಕುರಿ, ಮೇಲೆ ನಾಲ್ಕೂ ಗಾಲಿಗೆ ಎಳೆತ ಇರುವ ಹಳೆಯ ಜೀಪು ಒಂದನ್ನು ಮಾಡಿಕೊಂಡಿದ್ದೇನೆ. ಓದಿದವರಿಗೆ ತಕ್ಕಡಿ ಬೇಕು, ನನಗೆ ಬೇಡ. ಕುರಿಯ ಸೊಂಟದ ಮೇಲೆ ಕೈಯಿಟ್ಟು ಒಂದಿಷ್ಟು ಎತ್ತಿದರೆ ಸಾಕು, ಎಷ್ಟು ಕೆಜಿ ಎಂದು ಹೇಳುತ್ತೇನೆ. ತಕ್ಕಡಿಗೂ ನನಗೂ ಅರ್ಧ ಕೆಜಿ ವ್ಯತ್ಯಾಸ ಬಂದರೆ ಜನ ತಕ್ಕಡಿಯನ್ನೇ ಇನ್ನೊಂದು ಸಲ ನೋಡುತ್ತಾರೆ. ಇದು ಬಡಾಯಿಯಲ್ಲ, ಸಂತೆಯಲ್ಲಿ ಯಾರನ್ನಾದರೂ ಕೇಳಿ.

ಎರಡನೇ ಸಂಬಂಧ ಹಿರಿಯೂರಿನ ಕಡೆಯಿಂದ ಬಂತು. ಹುಡುಗ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ತಂದೆ ಇಲ್ಲ. ಮನೆಗೆ ತಾಯಿ ಯಜಮಾನಿ, ಮಾತಿಗೆ ಸೋದರಮಾವ ಯಜಮಾನ. ಈ ಸಲ ನನ್ನ ಮಗಳು, ಹೊಸದುರ್ಗದಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಹುಡುಗನ ಜೊತೆ ಫೋನಿನಲ್ಲಿ ಎರಡು ಮಾತಾಡಿ ತನ್ನ ಅಮ್ಮನ ಹತ್ತಿರ "ಆಗ್ಬೋದು" ಅಂದಿದ್ದಳಂತೆ. ನಮ್ಮ ಮನೆಯಲ್ಲಿ ಆಕೆ ಯಾವುದಕ್ಕಾದರೂ ಆಗಬಹುದು ಅಂದದ್ದು ಅದೇ ಮೊದಲು. ನನ್ನ ಹೆಂಡತಿ ಆವತ್ತು ಊಟಕ್ಕೆ ಬಡಿಸುತ್ತ ಹೇಳಿದಳು:

"ನೋಡ್ರಿ, ಹುಡುಗ ಇಷ್ಟ ಆಗಿ, ಹುಡುಗಿ ಇಷ್ಟ ಆಗಿ, ಹಳ್ಳಕ್ಕೋಸ್ಕರ ತಪ್ಪಿದ್ರೆ ಈ ಜನ್ಮದಾಗೆ ನಿಮ್ಮನ್ನ ಬಿಡಲ್ಲ."

"ಹಳ್ಳ ನಾನು ತೋಡಿದ್ನೇನೆ?"

"ಮನೆ ಆಚೆ ದಡದಾಗೆ ಕಟ್ಟಿದ್ದು ಯಾರು?"

ದಾರಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ನನಗೆ ಹೊಳೆಯಿತು: ದಾರಿಯನ್ನು ದೊಡ್ಡದು ಮಾಡುವುದು ನನ್ನ ಕೈಯಲ್ಲಿಲ್ಲ, ಗಾಲಿಯನ್ನು ದೊಡ್ಡದು ಮಾಡುವುದು ಇದೆ. ಗುಡ್ಡಕ್ಕೆ ಹತ್ತುವ ಜೀಪುಗಳಿಗೆ ಹಾಕುತ್ತಾರಲ್ಲ, ಮೈತುಂಬ ಗೆಣ್ಣುಗೆಣ್ಣಾದ ದಪ್ಪ ಟೈರು, ಅಂಥವು ನಾಲ್ಕು ಹಾಕಿಸಿದರೆ ಹಳ್ಳವೂ ಇಲ್ಲ, ಕೆಸರೂ ಇಲ್ಲ.

ಬೆಳಿಗ್ಗೆ ಅಂಗಳದಲ್ಲಿ ಜೀಪು ನಿಲ್ಲಿಸಿ ಅಳತೆಗೆ ಕೂತೆ. ಒಂದು ಹುರಿ ತೆಗೆದುಕೊಂಡು ನೆಲದಿಂದ ಟೈರಿನ ನೆತ್ತಿಯವರೆಗೆ ಹಿಡಿದು ಗಂಟು ಹಾಕಿದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ನೋಡಿದೆ. ನಾಲ್ಕು ಬೆರಳು ಸಲೀಸಾಗಿ ಹೋದವು. ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

"ಅಪ್ಪ, ಟೈರಿನ ಮೇಲೇ ನಂಬರ್ ಬರ್ದೈತೆ ನೋಡು. ಫೋಟೋ ತಕ್ಕೊಡ್ತೀನಿ, ಅಂಗಡಿಯೋರಿಗೆ ತೋರ್ಸು."

"ಕುರಿ ಮೇಲೆ ನಂಬರ್ ಬರ್ದಿರ್ತಾರೇನಮ್ಮ? ಅವನ್ನ ಮಾರಿಲ್ವಾ ನಾನು?"

"ಕುರಿಗೆ ಮಡ್‌ಗಾರ್ಡ್ ಇಲ್ಲ ಅಪ್ಪ."

ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ನಾನು ಹುರಿಯನ್ನು ಜೇಬಿಗೆ ಹಾಕಿಕೊಂಡು ಚಿತ್ರದುರ್ಗಕ್ಕೆ ಹೊರಟೆ.

ಅಂಗಡಿಯವನು ಹುರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸತ್ತ ಹಾವು ನೋಡಿದ ಹಾಗೆ ನೋಡಿದ.

"ಸೈಜ್ ಎಷ್ಟು ಯಜಮಾನ್ರೆ?"

"ಅದೇ ಸೈಜು. ಸಂದು ನಾಲ್ಕು ಬೆರಳೈತೆ. ಅದಕ್ಕೆ ಮೂರು ಬೆರಳು ದೊಡ್ಡದು ಕೊಡು."

"ಯಾರ ಬೆರಳು? ನಿಮ್ದಾ, ನಂದಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಕೈ ಚಾಚಿ ತೋರಿಸಿದೆ. ಮೂವತ್ತು ವರ್ಷ ಕುರಿ ಹಿಡಿದ ಬೆರಳು, ನಗು ನಿಂತಿತು. ಆಮೇಲೆ ಅವನು ಒಳ್ಳೆಯ ಮಾತಿನಲ್ಲೇ ಹೇಳಿದ: "ಗಾಡಿ ಎತ್ತರಿಸಿದೀರಾ? ಸ್ಪ್ರಿಂಗ್ ಪಟ್ಟಿ ಸೇರಿಸ್ದೆ ಇಷ್ಟು ದೊಡ್ಡ ಟೈರ್ ಹಾಕಿದ್ರೆ ಉಜ್ಜುತ್ತೆ. ಎರಡು ದಿನ ಗಾಡಿ ಬಿಡ್ರಿ, ಎತ್ತರಿಸಿ ಕೊಡ್ತೀವಿ."

ಎರಡು ದಿನ ಗಾಡಿ ಬಿಟ್ಟು ನಾನು ಅಲ್ಲಿ ಏನು ಮಾಡಲಿ, ಕೋಟೆ ನೋಡಲೇ? "ನಾನು ಅಳತೆ ಮಾಡಿದೀನಿ. ನೀನು ಹಾಕು" ಅಂದೆ. ಅವನು ಹೆಗಲು ಕುಣಿಸಿ ಹಾಕಿದ.

ಜ್ಯಾಕು ಇಳಿಸಿದಾಗ ಜೀಪು ನೆಲ ಬಿಟ್ಟು ಎದ್ದುನಿಂತಿತ್ತು. ಹಳೆಯ ಟೈರುಗಳು ಅದರ ಪಕ್ಕದಲ್ಲಿ ಸೈಕಲ್ಲಿನ ಟೈರುಗಳಂತೆ ಬಿದ್ದಿದ್ದವು. ಡಾಂಬರಿನ ಮೇಲೆ ಹೊಸ ಟೈರು ಜೇನಿನ ಹಿಂಡು ಹೊರಟಂತೆ ಗುಂಯ್ ಎಂದು ಹಾಡಿತು. ಸ್ಟೀರಿಂಗು ಸ್ವಲ್ಪ ಗಡುಸಾಗಿತ್ತು, ಏರಿನಲ್ಲಿ ಒಂದು ಗೇರು ಕೆಳಗಿಳಿಸಬೇಕಾಯಿತು, ಅದನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಳಲ್ಕೆರೆಯಲ್ಲಿ ಟೀಗೆ ನಿಲ್ಲಿಸಿದೆ, ನಾಲ್ಕು ಜನ ನೋಡಲಿ ಎಂದೇ ನಿಲ್ಲಿಸಿದೆ. ಪರಿಚಯದ ಕುರಿ ದಲ್ಲಾಳಿಯೊಬ್ಬ ಜೀಪಿನ ಸುತ್ತ ಒಂದು ಸುತ್ತು ಬಂದು ನಿಂತ.

"ಏನಪ್ಪ ಇದು, ಮಗ ಅಪ್ಪನ ಚಪ್ಪಲಿ ಮೆಟ್ಕಂಡಂಗೈತೆ?"

"ಹೊಟ್ಟೆಕಿಚ್ಚು ಪಡಬ್ಯಾಡ, ಟೀ ಕುಡಿ" ಅಂದೆ. ಅವನ ಟೀಯನ್ನೂ ನಾನೇ ಕೊಡಿಸಿದೆ.

ಮನೆಯಲ್ಲಿ ಹೆಂಡತಿ ಅರಿಶಿನ ಕುಂಕುಮ ಇಟ್ಟು, ನಾಲ್ಕು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟಳು. ನಾನು ಜೀಪು ಮುಂದಕ್ಕೆ ಬಿಟ್ಟೆ. ಮೂರು ಹಣ್ಣು ಪಚಕ್ ಅಂದವು. ನಾಲ್ಕನೆಯದು ಟೈರಿನ ಗೆಣ್ಣುಗಳ ಸಂದಿಯಲ್ಲಿ ಸಿಕ್ಕಿಕೊಂಡು, ಒಂದಿಷ್ಟೂ ನಲುಗದೆ, ಗಾಲಿಯ ಜೊತೆ ಮೇಲೆದ್ದು ಬಂತು. ಎಡಗಡೆ ಮುಂದಿನ ಗಾಲಿ. ಹೆಂಡತಿಯ ಮುಖ ಸಣ್ಣದಾಯಿತು. "ಟೈರು ಅಷ್ಟು ಗಟ್ಟಿ ಅಂತ ಕಣೆ" ಎಂದು ನಾನೇ ಸಮಾಧಾನ ಹೇಳಿ, ಹಣ್ಣನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆ.

ಮಾರನೇ ದಿನ ಹೊಸದುರ್ಗದಿಂದ ಕುರಿಗಳಿಗೆ ಹಿಂಡಿ ತರಲು ಹೋದೆ. ಐವತ್ತು ಕೆಜಿಯ ಆರು ಚೀಲ ಹಾಕಿಕೊಂಡು ಊರು ಬಿಟ್ಟು, ಮೊದಲ ಎಡ ತಿರುವಿನಲ್ಲಿ ಸ್ಟೀರಿಂಗು ಎಳೆದೆ ನೋಡಿ, ಹಂದಿಮರಿಯನ್ನು ಹಿಂಗಾಲು ಹಿಡಿದು ಎತ್ತಿದಂತೆ ಜೀಪು ಚೀರಿತು. ಗಾಬರಿಯಿಂದ ಬ್ರೇಕ್ ಒತ್ತಿ ಇಳಿದು ಹಿಂದೆ ಮುಂದೆ ನೋಡಿದೆ. ಯಾವ ಪ್ರಾಣಿಯೂ ಇಲ್ಲ. ಬಗ್ಗಿ ನೋಡಿದರೆ ಎಡಗಡೆ ಮುಂದಿನ ಟೈರು ಮಡ್‌ಗಾರ್ಡನ್ನು ಕಚ್ಚಿಕೊಂಡಿದೆ. ಕೈ ತೂರಿಸಲು ಹೋದೆ, ಬೆರಳಲ್ಲ, ಉಗುರೂ ಹೋಗಲಿಲ್ಲ.

ಆಗ ಅರ್ಥವಾಯಿತು. ನಾನು ಅಳೆದದ್ದು ಖಾಲಿ ಜೀಪನ್ನು, ಅದೂ ಗಾಲಿ ನೆಟ್ಟಗಿದ್ದಾಗ. ಜೀಪಿಗೂ ಹೊಟ್ಟೆ ಇದೆ, ತುಂಬಿದರೆ ಕುಗ್ಗುತ್ತದೆ. ಮೇಯದ ಕುರಿಯ ಹೊಟ್ಟೆಗೆ ಹಗ್ಗ ಅಳೆದ ಹಾಗಾಗಿತ್ತು. ಮೂವತ್ತು ವರ್ಷದ ವ್ಯಾಪಾರಸ್ಥ, ಕುರಿಯನ್ನು ಮೇಯಿಸುವ ಮೊದಲೊಮ್ಮೆ ಮೇಯಿಸಿದ ಮೇಲೊಮ್ಮೆ ಮುಟ್ಟಿ ನೋಡುವವನು, ಸ್ವಂತ ಜೀಪಿಗೆ ಆ ಮರ್ಯಾದೆ ಕೊಟ್ಟಿರಲಿಲ್ಲ.

ಚಿತ್ರದುರ್ಗಕ್ಕೆ ವಾಪಸು ಹೋಗಬಹುದಿತ್ತು. ಆದರೆ ಅಂಗಡಿಯವನು "ಯಾರ ಬೆರಳು" ಎಂದು ಇನ್ನೊಮ್ಮೆ ಕೇಳುತ್ತಿದ್ದ. ಹಳೆಯ ಟೈರುಗಳನ್ನು ಅವನಿಗೇ ಕೊಟ್ಟು ಬಂದಿದ್ದೆ. ನೆಂಟರು ಬರುವುದಕ್ಕೆ ಉಳಿದದ್ದು ಮೂರೇ ದಿನ. ಅದಕ್ಕೆ ನಾನು ನನ್ನದೇ ದಾರಿ ಹಿಡಿದೆ. ಹಿಂಡಿ ಚೀಲಗಳನ್ನು ಮನುಷ್ಯರೆಂದು ತಿಳಿದು ಜೀಪಿನಲ್ಲಿ ಕೂರಿಸಿ, ಬೀಳು ಹೊಲದಲ್ಲಿ ಸುತ್ತು ಹೊಡೆದೆ. ಒಂದು ಚೀಲ ಮುಂದೆ, ಎರಡು ಹಿಂದೆ. ಎರಡು ಮುಂದೆ, ಒಂದು ಹಿಂದೆ. ಎಡಕ್ಕೆ, ಬಲಕ್ಕೆ. ಸಂಜೆಯ ಹೊತ್ತಿಗೆ ಜೀಪಿನ ಗುಟ್ಟೆಲ್ಲ ಹೊರಬಿತ್ತು. ಎಡಗಡೆಯ ಸ್ಪ್ರಿಂಗು ಮುಂಚಿನಿಂದಲೂ ಸೋತಿದೆ. ಚಾಲಕನ ಪಕ್ಕ ಒಂದೂವರೆ ಚೀಲದವರೆಗೆ ಕೂರಬಹುದು, ಅದಕ್ಕಿಂತ ಹೆಚ್ಚಿಗೆ ಕೂತರೆ ಎಡಕ್ಕೆ ತಿರುಗಿದಾಗ ಚೀರುತ್ತದೆ. ಹಿಂದೆ ಬಲಗಡೆ ಮೂರು ಚೀಲ ಕೂತರೂ ಉಸಿರಿಲ್ಲ. ಬಲಕ್ಕೆ ತಿರುಗಿದರೆ ಎಲ್ಲಿ ಯಾರು ಕೂತಿದ್ದರೂ ಚಿಂತೆಯಿಲ್ಲ.

ಮಗಳು ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡಿದಳು.

"ಅಪ್ಪ, ಚೀಲಕ್ಕೆ ಊರು ತೋರಿಸ್ತಿದೀಯಾ?"

"ನಿನ್ ಪಾಠ ನಿನ್ ಶಾಲೆಯಾಗೆ ಹೇಳಮ್ಮ" ಅಂದೆ. ಆಕೆ ನಗಲಿಲ್ಲ. ಬಗ್ಗಿ ಟೈರು ನೋಡಿದಳು, ಮಡ್‌ಗಾರ್ಡಿನ ಅಂಚಿನ ಮೇಲೆ ಬೆರಳಾಡಿಸಿದಳು, ಒಳಗೆ ಹೋದಳು.

ಭಾನುವಾರ ಬಂತು. ಬೇವಿನ ಮರದ ಕೆಳಗೆ ಅವರ ಕಾರು ನಿಂತಿತು. ಮೊದಲು ಹುಡುಗ ಇಳಿದ: ಅರವತ್ತೆಂಟು ಕೆಜಿ. ಆಮೇಲೆ ತಾಯಿ, ಒಣಮೆಣಸಿನಕಾಯಿಯಂಥ ಹೆಂಗಸು: ನಲವತ್ತಾರು. ನನ್ನ ಮನಸ್ಸಿನಲ್ಲಿ ಜೀಪು ನಗುತ್ತಿತ್ತು. ಆಮೇಲೆ ಮುಂದಿನ ಬಾಗಿಲು ತೆರೆದು, ಕಾರು ಒಂದು ಕಡೆ ಮೇಲೆದ್ದು, ಸೋದರಮಾವ ಇಳಿದ.

ಮೊದಲು ಕುರಿ ದನದ ಸಂತೆಯಲ್ಲಿ, ಈಗ ಶೇಂಗಾ ಮಂಡಿಯಲ್ಲಿ ದಲ್ಲಾಳಿ ಎಂದು ಕೇಳಿದ್ದೆ. ಇಷ್ಟು ತೂಕದ ದಲ್ಲಾಳಿ ಎಂದು ಯಾರೂ ಹೇಳಿರಲಿಲ್ಲ.

ನಾನು ಮೂರು ದಿನದಿಂದ ಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ: "ಅಮ್ಮಾರು ಮುಂದೆ ಕುಂತ್ಕಳ್ಳಿ, ಹುಡುಗ್ರು ಎಡಗಡೆ, ಯಜಮಾನ್ರು ಹಿಂದೆ ಬಲಗಡೆ ಆರಾಮಾಗಿ—"

"ಏ, ಎಲ್ಲಾದ್ರೂ ಉಂಟಾ?" ತಾಯಿ ತಡೆದಳು. "ಮನೆಗೆ ದೊಡ್ಡೋನು ನನ್ ತಮ್ಮ. ಅವ್ನನ್ನ ಹಿಂದೆ ಕುಂಡ್ರಿಸಿ ನಾನ್ ಮುಂದೆ ಕುಂತ್ರೆ ನೋಡಿದೋರು ಏನಂತಾರೆ?"

"ಮುಂದೆ ಬಿಸ್ಲು ಹೊಡಿತೈತಮ್ಮ."

"ಹೊಡೀಲಿ ಬಿಡ್ರಿ" ಅಂದ ಸೋದರಮಾವ. "ನಾನೇನು ಬೆಣ್ಣೆನಾ ಕರಗಾಕೆ?"

ನಾನು ಲೆಕ್ಕ ಹಾಕಿದ್ದು ತೂಕಕ್ಕೆ. ಅವರು ಕೂರುವುದು ಮರ್ಯಾದೆಗೆ. ಮರ್ಯಾದೆ ಹಿಂಡಿ ಚೀಲಕ್ಕೆ ಇರುವುದಿಲ್ಲ ಎಂಬುದು ನನಗೆ ಮೂರು ದಿನವೂ ಹೊಳೆದಿರಲಿಲ್ಲ.

ಟೈರು ದೊಡ್ಡದಾಗಿ ಜೀಪಿನ ಮೆಟ್ಟಿಲು ಮೊಣಕಾಲಿಗಿಂತ ಮೇಲೆ ಹೋಗಿತ್ತು. ಅದಕ್ಕೆಂದು ಒಂದು ಟೊಮೆಟೊ ಕ್ರೇಟು ತಂದಿದ್ದೆ. ತಾಯಿ ಅದರ ಮೇಲೆ ಕಾಲಿಟ್ಟು ಹಿಂದೆ ಹತ್ತಿದಳು. ಸೋದರಮಾವನಿಗೆ ಕ್ರೇಟು ಸಾಲದಾಯಿತು. ನಾನು ಹಿಂದಿನಿಂದ ಸೊಂಟಕ್ಕೆ ಎರಡೂ ಕೈ ಕೊಟ್ಟು ಎತ್ತಿದೆ. ಆ ಕ್ಷಣದಲ್ಲಿ ನನ್ನ ಕೈ ನನ್ನನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತು: ನೂರಾ ಹನ್ನೆರಡು. ಜೀಪು ಎಡಕ್ಕೆ ವಾಲಿ, ನಿಟ್ಟುಸಿರು ಬಿಟ್ಟು ನಿಂತಿತು.

ಟೀ ಅಂಗಡಿಯಿಂದ ನಮ್ಮ ಮನೆಗೆ ಮೂರು ಎಡ ತಿರುವುಗಳಿವೆ. ಹೊರಡುವಾಗಲೇ ತೀರ್ಮಾನ ಮಾಡಿದೆ, ಎಡಕ್ಕೆ ತಿರುಗುವುದೇ ಬೇಡ. ಮೊದಲನೆಯದು ಹುಣಸೆ ಮರದ ಹತ್ತಿರ. ನಾನು ನೆಟ್ಟಗೆ ಮುಂದೆ ಹೋಗಿ ಪಕ್ಕದವರ ಬೀಳು ಹೊಲಕ್ಕೆ ಇಳಿಸಿ, ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೊಮ್ಮೆ ಬಲಕ್ಕೆ ತಿರುಗಿಸಿ ಎಡ ದಾರಿಗೆ ಬಂದು ಸೇರಿದೆ. ಬದುವಿನ ಮೇಲೆ ಕೂತಿದ್ದ ಹೊಲದವನು ಕೈ ಎತ್ತಿ ಕೂಗಿದ: "ಲೇ, ಏನಪ್ಪ, ನಿಮ್ಮನೆ ದಾರಿ ಮರ್ತ್ಯಾ?" ನಾನು ಕೈ ಬೀಸಿ ನಮಸ್ಕಾರ ಹೇಳಿದಂತೆ ಮಾಡಿದೆ.

ಹಿಂದಿನಿಂದ ತಾಯಿಯ ದನಿ ಬಂತು. "ಈ ಹುಣಸೆ ಮರ ಆಗ್ಲೇ ನೋಡಿದ್ವಲ್ಲ?"

"ಅಮ್ಮ, ಅದು ಇದರ ಅಣ್ಣ. ಜೋಡಿ ಮರ ಅವೆ ಇಲ್ಲಿ."

ಎರಡನೆಯದು ಕೊಳವೆಬಾವಿಯ ಹತ್ತಿರ. ಅಲ್ಲೂ ಹಾಗೆಯೇ ಬಾವಿಗೆ ಪ್ರದಕ್ಷಿಣೆ ಹಾಕಿದೆ. ಸೋದರಮಾವ ಮೀಸೆ ತಿರುವುತ್ತ, "ದೇವಸ್ಥಾನ ಏನಾದ್ರೂ ಐತೇನ್ರಿ ಇಲ್ಲಿ?" ಎಂದು ಕೇಳಿದ. "ಹಿರೇರ ಕಾಲದ ಬಾವಿ, ಸುತ್ತು ಹಾಕೋದು ಪದ್ಧತಿ" ಅಂದೆ. ಅವನು ಕೂತಲ್ಲಿಂದಲೇ ಬಾವಿಯ ಮೋಟಾರಿಗೆ ಕೈಮುಗಿದ. ನಾಲ್ಕು ವರ್ಷದ ಹಿಂದೆ ನಾನೇ ಕೊರೆಸಿದ ಬಾವಿ ಅದು. ಕನ್ನಡಿಯಲ್ಲಿ ಹುಡುಗ ನನ್ನನ್ನೇ ನೋಡುತ್ತಿದ್ದ.

ಆಮೇಲೆ ಹಳ್ಳ ಬಂತು. ಹಿಂದಿನ ರಾತ್ರಿ ಮಳೆಯಾಗಿ ನೀರು ಕೆಂಪಗೆ ಹರಿಯುತ್ತಿತ್ತು. ತಾಯಿ "ಅಯ್ಯೋ ಶಿವನೆ" ಅಂದಳು. ನಾನು ಸಣ್ಣ ಗೇರು ಹಾಕಿ, ನಾಲ್ಕೂ ಗಾಲಿಗೆ ಎಳೆತ ಕೊಟ್ಟು ಇಳಿಸಿದೆ. ಹೊಸ ಟೈರುಗಳು ಕೆಸರನ್ನು ಕಿತ್ತು ಕಿತ್ತು ಹಿಂದಕ್ಕೆ ಎಸೆಯುತ್ತ, ಎಲ್ಲಿಯೂ ಜಾರದೆ ಆಚೆ ದಡಕ್ಕೆ ಹತ್ತಿಸಿದವು. ಅಷ್ಟು ಹೊತ್ತಿಗೆ ನನ್ನ ಎದೆ ನನ್ನ ಅಂಗಿಗಿಂತ ದೊಡ್ಡದಾಗಿತ್ತು.

"ಭಲೇ!" ಅಂದ ಸೋದರಮಾವ. "ಗಾಡಿ ಅಂದ್ರೆ ಹಿಂಗಿರ್ಬೇಕು. ಆನೆ ನಡ್ದಂಗೆ ನಡೀತೈತೆ."

ಆನೆ ಇನ್ನೂರು ಗಜ ನಡೆಯಿತು. ಮೂರನೇ ತಿರುವು ಬಂತು. ಬಲಕ್ಕೆ ದೊಡ್ಡ ಬಂಡೆ, ಎಡಕ್ಕೆ ಕಳ್ಳಿ ಬೇಲಿ, ಸುತ್ತು ಹಾಕಲು ಒಂದು ಮೇಕೆಗೂ ಜಾಗವಿಲ್ಲ. ಏರು ಬೇರೆ. ನಿಧಾನಕ್ಕೆ, ಮಗುವಿನ ತೊಟ್ಟಿಲು ತೂಗುವಂತೆ ಸ್ಟೀರಿಂಗನ್ನು ಎಡಕ್ಕೆ ಎಳೆದೆ. ಹಂದಿಮರಿ ಚೀರಿತು. ತಾಯಿ "ಏನೋ ಸಿಕ್ಕಾಕ್ಕಂತು!" ಎಂದು ಕಿರುಚಿದಳು. ರಬ್ಬರು ಸುಟ್ಟ ವಾಸನೆ ಬಂತು. ಮಡ್‌ಗಾರ್ಡಿನ ಅಂಚು ಟೈರಿನ ಗೆಣ್ಣುಗಳ ನಡುವೆ ಇಳಿದು ಕಚ್ಚಿಕೊಂಡು, ಜೀಪು ಅಲ್ಲೇ ನಿಂತುಬಿಟ್ಟಿತು.

ಎಲ್ಲರೂ ಇಳಿದರು. ಹಿಂದಕ್ಕೆ ಒಂದಡಿ ಬಿಟ್ಟರೆ ಕಚ್ಚಿದ್ದು ಬಿಡುತ್ತದೆ, ಅದು ಗೊತ್ತಿತ್ತು. ಆದರೆ ಸೋದರಮಾವ ಮತ್ತೆ ಮುಂದೆ ಹತ್ತಿದರೆ ಮತ್ತೆ ಕಚ್ಚುತ್ತದೆ. ತಾಯಿ ಸೆರಗು ಬಿಗಿದು ಹೇಳಿದಳು, "ಮನೆ ಕಾಣ್ತೈತಲ್ಲ, ನಡ್ಕಂಡೇ ಹೋಗಾಣ ಬಿಡ್ರಿ."

ನಡೆಯುವ ಮಾತು ಕೇಳಿ ನಾನು ದಾರಿಗೆ ಅಡ್ಡ ನಿಂತೆ. ಹೋದ ಸಲ ನಡೆದವರು ಹೇಳಿ ಕಳಿಸಲಿಲ್ಲ. ಈ ಹುಡುಗನಿಗೆ ನನ್ನ ಮಗಳು ಆಗಬಹುದು ಅಂದಿದ್ದಾಳೆ. ಸೋದರಮಾವನನ್ನು ಹಿಂದೆ ಕೂರಿಸಬೇಕು, ಯಾಕೆಂದು ಹೇಳಬೇಕು, ಆದರೆ ಅಕ್ಕನ ಎದುರಿಗೆ, ಅಳಿಯನ ಎದುರಿಗೆ, ನೀವು ಭಾರ ಎಂದು ಹೇಗೆ ಹೇಳುವುದು?

ಕುರಿ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಅದರ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ನಾನು ಸೋದರಮಾವನನ್ನು ಬಂಡೆಯ ಹಿಂದಕ್ಕೆ ಕರೆದು ಹೆಗಲ ಮೇಲಿನ ಟವೆಲ್ ಬಿಚ್ಚಿದೆ. ಅವನ ಮುಖ ಕೆಂಪಾಯಿತು.

"ಏನ್ರಿ ಇದು? ಇನ್ನೂ ಹುಡುಗಿ ನೋಡಿಲ್ಲ, ಆಗ್ಲೇ ವ್ಯಾಪಾರನಾ? ನಾವು ವರದಕ್ಷಿಣೆ ಕೇಳೋ ಮಂದಿ ಅಲ್ಲ. ನಮ್ಮಕ್ಕ ಕಂಡ್ರೆ ಈಗ್ಲೇ ವಾಪಸ್ ಹೊರಡ್ತಾಳೆ."

"ಅದಲ್ರಿ. ನೀವು ಕೈ ಕೊಡ್ರಿ ಮೊದ್ಲು."

ಹಳೆಯ ದಲ್ಲಾಳಿ. ಟವೆಲ್ ಕಂಡರೆ ಕೈ ಸುಮ್ಮನಿರುವುದಿಲ್ಲ, ತಾನಾಗಿಯೇ ಕೆಳಗೆ ಬಂತು. ನಾನು ಅಂಗೈ ಪೂರ್ತಿ ಹಿಡಿದೆ: ನೂರು. ಒಂದು ಬೆರಳು ಹಿಡಿದೆ: ಹತ್ತು. ಬಿಟ್ಟು ಎರಡು ಬೆರಳು ಹಿಡಿದೆ.

"ನೂರಾ ಹನ್ನೆರಡಾ?" ಅವನ ದನಿ ಇಳಿಯಿತು. "ಗ್ರಾಮಾ? ಅಷ್ಟೆಲ್ಲ ಬಂಗಾರ ಬ್ಯಾಡ್ರಿ ಯಜಮಾನ್ರೆ, ಒಂದೆಳೆ ಸರ ಇದ್ರೆ ಸಾಕು."

"ಬಂಗಾರ ಅಲ್ರಿ."

"ಮತ್ತೆ ಕುರಿನಾ? ಕಟ್ಟಾಕೆ ನಮಗ್ ಜಾಗ ಇಲ್ರಿ."

"ಕುರಿನೂ ಅಲ್ಲ. ಕೆಜಿ." ಅವನ ಅಂಗೈಯನ್ನು ಇನ್ನೊಮ್ಮೆ ಒತ್ತಿದೆ. "ನೀವು."

ಅವನು ಕೈ ಬಿಡಲಿಲ್ಲ. ಬಂಡೆಯನ್ನು ನೋಡಿದ, ನನ್ನನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ. ನಾನು ಒಂದೇ ಉಸಿರಿಗೆ ಖಾಲಿ ಜೀಪು ಅಳೆದದ್ದು, ಹಿಂಡಿ ಚೀಲ, ಎಡ ತಿರುವು ಎಲ್ಲ ಹೇಳಿದೆ. ಬಾವಿಯ ವಿಷಯ ಮಾತ್ರ ಹೇಳಲಿಲ್ಲ. ಅವನು ಅಕ್ಕನ ಕಡೆ ಒಮ್ಮೆ ಇಣುಕಿ ನೋಡಿ ಕೇಳಿದ:

"ಎತ್ತಿದಾಗ ಹೇಳಿದ್ದಾ? ಚಪ್ಪಲಿ ಸೇರಿ?"

"ಚಪ್ಪಲಿ ಸೇರಿ."

"ಡಾಕ್ಟರ್ ಮಿಷಿನ್ನೂ ಅಷ್ಟೇ ಹೇಳ್ತು ಹೋದ್ ವಾರ. ಮನೆಯಾಗೆ ತೊಂಬತ್ತೆಂಟು ಅಂದಿದೀನಿ. ನಮ್ಮಕ್ಕನ ಕಿವಿಗೆ ಬಿದ್ರೆ ನಾಳೆಯಿಂದ ನಂಗೆ ರಾಗಿ ಗಂಜಿನೇ ಗತಿ. ನೀವ್ ಯಾರಿಗೂ ಹೇಳಂಗಿಲ್ಲ."

"ನನ್ ಟೈರಿನ ಕತೆ ನೀವ್ ಹೇಳ್ದಿದ್ರೆ ಆಯ್ತು."

ಟವೆಲ್ ಕೆಳಗೇ ಕೈ ಕುಲುಕಿ ಮುಗಿಸಿದೆವು. ಅವನು ಬಂಡೆಯ ಆಚೆಯಿಂದ ಬರುತ್ತಲೇ ಹಣೆ ಒರೆಸಿಕೊಂಡು, "ಅಕ್ಕ, ಮುಂದೆ ಸಿಕ್ಕಾಪಟ್ಟೆ ಬಿಸ್ಲು. ನೀನ್ ಬಾ ಮುಂದೆ" ಅಂದ. ಮೋಡ ಕವಿದಿತ್ತು. ಅಕ್ಕ ಆಕಾಶ ನೋಡಿದಳು, ತಮ್ಮನನ್ನು ನೋಡಿದಳು, ಮುಂದೆ ಬಂದು ಕೂತಳು.

ಮನೆ ಸೇರಿದೆವು. ಚಾಪೆ, ನೀರು, ಕೇಸರಿಬಾತು, ಉಪ್ಪಿಟ್ಟು. ನನ್ನ ಹೆಂಡತಿ ಸೋದರಮಾವನ ತಟ್ಟೆಗೆ ಹಾಕಿದಳು, ಮತ್ತೆ ಹಾಕಿದಳು. ಅವನು ಬೇಡವೆನ್ನಲಿಲ್ಲ. ನಾನು ಬಾಯಲ್ಲಿ "ಹಾಕೆ, ಇನ್ನೊಂದಿಷ್ಟು ಹಾಕೆ" ಅನ್ನುತ್ತಿದ್ದೆ. ಮನಸ್ಸಿನಲ್ಲಿ ನೂರಾ ಹನ್ನೆರಡೂವರೆ, ನೂರಾ ಹದಿಮೂರು ಎಂದು ಎಣಿಸುತ್ತಿದ್ದೆ. ಇವನನ್ನು ವಾಪಸು ಬಿಡುವಾಗ ಬೇವಿನ ಮರದ ಹತ್ತಿರ ಎಡಕ್ಕೆ ತಿರುಗಿಸಬೇಕಲ್ಲ.

ಅಷ್ಟರಲ್ಲಿ ಹೊರಗೆ ಠಣ್ ಠಣ್ ಎಂದು ಸದ್ದಾಯಿತು. ನೋಡಿದರೆ ಚಾಪೆಯ ಮೇಲೆ ಹುಡುಗ ಇಲ್ಲ. ಕಾಫಿ ಲೋಟ ತರಬೇಕಾದ ಹುಡುಗಿಯೂ ಒಳಗಿಲ್ಲ. ಎಲ್ಲರೂ ಬಾಗಿಲಿಗೆ ಬಂದೆವು. ಹುಡುಗ ಹೊಸ ಅಂಗಿಯ ತೋಳು ಮಡಚಿ ಜೀಪಿನ ಗಾಲಿಯ ಪಕ್ಕ ಮಂಡಿಯೂರಿ, ಮಡ್‌ಗಾರ್ಡಿನ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಿಸುತ್ತಿದ್ದಾನೆ. ನನ್ನ ಮಗಳು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ಮರದ ತುಂಡನ್ನು ಆನಿಸಿ ಹಿಡಿದಿದ್ದಾಳೆ.

"ಇನ್ನೊಂಚೂರು ಕೆಳಕ್ಕೆ ಹಿಡೀರಿ" ಅಂದ ಹುಡುಗ.

"ಕೆಳಕ್ಕೆ ಹಿಡಿದ್ರೆ ಮೇಲಿನ ಅಂಚು ಏಳ್ತೈತೆ. ನಾನ್ ಮೊನ್ನೆನೇ ನೋಡಿದೀನಿ. ನೀವ್ ಮೇಲಿಂದ ಹೊಡ್ಕಂಡ್ ಬರ್ರಿ" ಅಂದಳು ಮಗಳು.

ಹುಡುಗ ಒಂದು ಗಳಿಗೆ ಯೋಚಿಸಿ ಮೇಲಿನಿಂದ ಹೊಡೆಯಲು ಶುರುಮಾಡಿದ.

ನನಗೆ ಮೈಯೆಲ್ಲ ಉರಿಯಿತು. ನನ್ನ ಜೀಪು, ನನ್ನ ಅಂಗಳ; ಹೆಣ್ಣು ನೋಡಲು ಬಂದವನು ಸುತ್ತಿಗೆ ಹಿಡಿಯುವುದೇ? ನಾನೇನು ಕೈಲಾಗದವನೇ? ಒಂದು ಹೆಜ್ಜೆ ಮುಂದಿಟ್ಟೆ. ಹೆಂಡತಿ ಹಿಂದಿನಿಂದ ನನ್ನ ಪಂಚೆಯ ತುದಿ ಹಿಡಿದಳು.

"ಸುಮ್ನೆ ನಿಂತ್ಕಳ್ರಿ" ಎಂದು ಹಲ್ಲು ಕಚ್ಚಿಕೊಂಡು ಹೇಳಿದಳು.

ನಿಂತೆ. ನನ್ನ ಜೀವಮಾನದಲ್ಲಿ ಬಾವಿ ತೋಡಿದ್ದೇನೆ, ಕಲ್ಲು ಹೊತ್ತಿದ್ದೇನೆ, ಮಂದೆಯ ಹಿಂದೆ ಮಾರಿಕಣಿವೆಯವರೆಗೆ ನಡೆದಿದ್ದೇನೆ. ಕೈಕಟ್ಟಿ ನಿಂತು ಇನ್ನೊಬ್ಬರು ಕೆಲಸ ಮಾಡುವುದನ್ನು ನೋಡುವಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಹುಡುಗ ಎದ್ದು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಇವತ್ತಿಗೆ ಸಾಕು ಅಂಕಲ್. ಆದ್ರೆ ಎಡಗಡೆ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಹಾಕಿಸ್ಬೇಕು. ಟೈರ್ ಮಾತ್ರ ಒಳ್ಳೇವು ಆರ್ಸಿದೀರಿ." ಅವನು ನಗಲಿಲ್ಲ. ಬಾವಿಯ ಸುತ್ತು ಹಾಕಿದಾಗಲೇ ಅವನಿಗೆಲ್ಲ ತಿಳಿದಿತ್ತು ಎಂದು ಆಗ ಅರ್ಥವಾಯಿತು.

ತಾಯಿ ಕಾಫಿ ಕುಡಿದು ಲೋಟ ಕೆಳಗಿಟ್ಟಳು. ನಾನು ಹೆದರಿದ್ದ ಪ್ರಶ್ನೆಯನ್ನು ಅವಳೂ ಕೇಳಿದಳು, ನನ್ನ ಮಗಳ ಕಡೆ ತಿರುಗಿ. "ಎಲ್ಲಾ ಚೆನ್ನಾಗೈತೆ. ಆದ್ರೆ ಹಬ್ಬ ಹುಣ್ಣಿಮೆಗೆ ಬಂದು ಹೋಗೋದು ಎಂಗೆ? ಪ್ರತಿ ಸಲ ನಿಮ್ಮಪ್ಪನೇ ಬಂದು ಕರ್ಕಂಡ್ ಬರ್ಬೇಕಾ?"

ನಾನು ಬಾಯಿ ತೆರೆಯುವುದರೊಳಗೆ ಮಗಳು ಹೇಳಿದಳು: "ಬ್ಯಾಡಮ್ಮ, ನಾನೇ ಬರ್ತೀನಿ. ಜೀಪು ಓಡ್ಸೋದು ನಂಗೂ ಬರುತ್ತೆ."

ತಾಯಿ ನನ್ನ ಕಡೆ ನೋಡಿದಳು. ಬರುತ್ತದೆ ಎಂಬುದು ನಿಜ, ನಾನೇ ಕಲಿಸಿದ್ದು. ಆದರೆ ಇದನ್ನು ಹೆಣ್ಣು ನೋಡಲು ಬಂದವರ ಎದುರಿಗೆ ಹೇಳಬೇಕೋ ಬೇಡವೋ ಎಂದು ನಾವು ಗಂಡ ಹೆಂಡತಿ ಮಾತಾಡಿಕೊಂಡಿರಲಿಲ್ಲ. "ಹಂಗಾದ್ರೆ ಈಗ್ಲೇ ನೀನೇ ಬಿಟ್ ಬಾರಮ್ಮ ನಮ್ಮನ್ನ, ನೋಡಾಣ" ಅಂದಳು ತಾಯಿ.

ನಮ್ಮ ಕಡೆ ಹೆಣ್ಣು ನೋಡಿದ ದಿನ ಹೆಣ್ಣೇ ನೆಂಟರನ್ನು ಬಿಡಲು ಹೋದದ್ದು ನಾನಂತೂ ಕೇಳಿಲ್ಲ. ಮಗಳು ಸೀರೆ ಎತ್ತಿ ಹಿಡಿದು ಸ್ಟೀರಿಂಗಿಗೆ ಹತ್ತಿದಳು. ಪಕ್ಕದಲ್ಲಿ ತಾಯಿ ಕೂತಳು, ಯಾರನ್ನೂ ಕೇಳಲಿಲ್ಲ. ಹಿಂದೆ ಬಲಗಡೆ ಸೋದರಮಾವ, ಎಡಗಡೆ ಹುಡುಗ, ಅವನ ಪಕ್ಕ ನಾನು. ಹನ್ನೆರಡು ವರ್ಷದಲ್ಲಿ ನಾನು ನನ್ನ ಜೀಪಿನ ಹಿಂದೆ ಕೂತಿದ್ದು ಅದೇ ಮೊದಲು. ಅಲ್ಲಿ ಅಷ್ಟು ಕುಲುಕುತ್ತದೆ ಎಂದು ಗೊತ್ತಿರಲಿಲ್ಲ. ಸಂತೆಗೆ ಒಯ್ಯುವಾಗ ಕುರಿಗಳು ಯಾಕೆ ಹಾಗೆ ಕೂಗುತ್ತವೆ ಎಂದು ಆವತ್ತು ತಿಳಿಯಿತು.

ಹೋಗುವಾಗ ತಿರುವುಗಳೆಲ್ಲ ಬಲಕ್ಕೆ ಬರುತ್ತವೆ, ಸದ್ದಿಲ್ಲ. ಹಳ್ಳವನ್ನು ಮಗಳು ನನಗಿಂತ ನಿಧಾನಕ್ಕೆ ದಾಟಿಸಿದಳು. ಬೇವಿನ ಮರದ ಹತ್ತಿರ ಕಾರಿನ ಪಕ್ಕಕ್ಕೆ ತಂದು ನಿಲ್ಲಿಸಬೇಕಾದರೆ ಮಾತ್ರ ಪೂರ್ತಿ ಎಡಕ್ಕೆ ಎಳೆಯಬೇಕಾಯಿತು. ಸೋದರಮಾವನೂ ನಾನೂ ಒಟ್ಟಿಗೆ ಉಸಿರು ಹಿಡಿದೆವು. ಟೈರು ಒಂದು ಸಲ ಸಣ್ಣಗೆ ಉಜ್ಜಿ ಸುಮ್ಮನಾಯಿತು.

ಸೋದರಮಾವ ನನ್ನ ಹೆಗಲು ಹಿಡಿದು ಇಳಿದು, ಗಂಟಲು ಸರಿಮಾಡಿಕೊಂಡ. "ಸರಿ ಯಜಮಾನ್ರೆ, ಊರಿಗ್ ಹೋಗಿ..."

ಊರಿಗೆ ಹೋಗಿ ಎಂಬಲ್ಲಿಗೆ ನನ್ನ ಜೀವ ಬಾಯಿಗೆ ಬಂತು.

"ಊರಿಗ್ ಹೋಗಿ ಏನ್ ಮಾಡ್ತೀಯೋ?" ಜೀಪಿನಿಂದ ಇನ್ನೂ ಇಳಿಯದೆ ಕೂತಿದ್ದ ತಾಯಿ ಮಾತು ತಡೆದಳು. "ಹೇಳೋದು ಇಲ್ಲೇ ಹೇಳು." ಆಮೇಲೆ ನನ್ನ ಕಡೆ ತಿರುಗಿದಳು. "ಬೀಗ್ರೆ, ಮುಂದಿನ ಸೋಮವಾರ ನೀವು ನಮ್ಮನೆ ನೋಡಾಕೆ ಬರ್ರಿ. ಎಷ್ಟು ಜನ ಬರ್ತೀರಿ?"

ಬೀಗ್ರೆ ಅಂದದ್ದು ನನ್ನ ಕಿವಿಗೆ ಬಿದ್ದು ಒಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸ್ಟೀರಿಂಗಿನ ಹಿಂದೆ ಮಗಳು ಮುಂದಿನ ಗಾಜನ್ನೇ ನೋಡುತ್ತಿದ್ದಳು, ಅದರಲ್ಲಿ ಏನೋ ಬರೆದಿರುವಂತೆ.

"ಗಂಡಿನ ಮನೆ ನೋಡೋದಂದ್ರೆ ನಮ್ ಕಡೆಯೋರು ಹದಿನೈದು ಜನಕ್ಕೆ ಕಡಿಮೆ ಹೊರಡಲ್ಲ ಅಮ್ಮ" ಅಂದೆ. "ನಾವು ಬಸ್ಸಿನಾಗೆ ಬರ್ತೀವಿ."